ನೂರಾ ಒಂದು ದಾಂಡು

ನನ್ನ ಗಂಡ ಸರ್ಕಾರಿ ಅಧಿಕಾರಿಯಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ದಿಲ್ಲಿಯ ಹೌಜ್ ಖಾಸ್ ಹತ್ತಿರದ ಒಂದು ಕಾಲೋನಿಯಲ್ಲಿ ಈ ಮಾತನ್ನು ಇವತ್ತಿಗೂ ಅರ್ಧ ಜನ ನಂಬುವುದಿಲ್ಲ. ಅವರ ಹೆಸರು ಹೃಷಿಕೇಶ್. ನೋಯ್ಡಾದ ಒಂದು ಫ್ಯಾನ್ ಕಾರ್ಖಾನೆಯ ಉಗ್ರಾಣದಲ್ಲಿ ನಟ್ಟು ಬೋಲ್ಟು ಎಣಿಸಿ ಇಡುವ ಕೆಲಸ. ಕಾರ್ಖಾನೆಯವರು ಕೊರಳಿಗೆ ಹಾಕಿದ ಗುರುತಿನ ಚೀಟಿಯನ್ನು ಮನೆಗೆ ಬಂದ ಮೇಲೆ ತೆಗೆಯಬೇಕು ಅನ್ನುವುದು ಅವರಿಗೆ ನೆನಪಿರುವುದಿಲ್ಲ. ಒಮ್ಮೆ ಅದನ್ನು ಹಾಕಿಕೊಂಡೇ ಸ್ನಾನ ಮಾಡಿ ಬಂದು, ಫೋಟೋ ಅಳಿಸಿಹೋಯಿತು ಅಂತ ನನ್ನ ಮೇಲೆ ರೇಗಿದ್ದರು. ಎಚ್ಚರಿಸಬೇಕಾದವಳು ನಾನಂತೆ.

ಮದುವೆಯಾದಾಗ ಈ ಮನುಷ್ಯನ ಜೊತೆ ನನಗೆ ಬಂದ ಆಸ್ತಿ ಎರಡು. ಒಂದು ದಾಂಡು, ಒಂದು ಕಥೆ.

ದಾಂಡು ಎರಡಡಿ ಉದ್ದದ ಶೀಶಮ್ ಅನ್ನುವ ಗಟ್ಟಿ ಮರದ್ದು. ಒಳ್ಳೆಯ ವಸ್ತು. ನಾನು ಅದನ್ನು ಬಾಲ್ಕನಿ ಬಾಗಿಲಿಗೆ ಅಗಳಿಯಾಗಿ ಬಳಸುತ್ತೇನೆ, ಚಳಿಗಾಲದಲ್ಲಿ ರಜಾಯಿಯನ್ನು ಅದರ ಚೀಲದೊಳಕ್ಕೆ ತಿವಿದು ತುಂಬುತ್ತೇನೆ. ಕಥೆ ಮಾತ್ರ ಯಾವ ಕೆಲಸಕ್ಕೂ ಬರುತ್ತಿರಲಿಲ್ಲ.

ಕಥೆ ಹೀಗಿದೆ. ನಮ್ಮ ಮಾವನವರು ದಿಲ್ಲಿಯಲ್ಲಿ ಗುಮಾಸ್ತರಾಗಿದ್ದಾಗ ಆ ಕಾಲೋನಿಯಲ್ಲಿ ಬಾಡಿಗೆಗೆ ಇದ್ದರು. ಮನೆ ಮುಂದೆ ದೊಡ್ಡ ಬಯಲು. ಈ ತುದಿಗೆ ಬೇವಿನ ಮರ, ಆ ತುದಿಗೆ ನೇರಳೆ ಮರ. ಬೇವಿನ ಬುಡದಲ್ಲಿ ಗುಳಿ ತೋಡಿ ಹುಡುಗರೆಲ್ಲ ಚಿನ್ನಿದಾಂಡು ಆಡುತ್ತಿದ್ದರು. ಎಪ್ಪತ್ತಾರನೇ ಇಸವಿಯಲ್ಲಿ ಒಂದು ದಿನ ಹನ್ನೆರಡು ವರ್ಷದ ಹೃಷಿ ಹೊಡೆದ ಚಿನ್ನಿ ಹಾರಿ ಹೋಗಿ ನೇರಳೆ ಮರದ ಬುಡಕ್ಕೆ ಬಿತ್ತು.

ಈ ಆಟದ ಕಾನೂನು ಗೊತ್ತಿಲ್ಲದವರಿಗೆ ಹೇಳುತ್ತೇನೆ. ಗುಳಿಯಿಂದ ಚಿನ್ನಿ ಎಷ್ಟು ದಾಂಡು ದೂರ ಬಿದ್ದಿದೆ ಅಂತ ಹೊಡೆದವನೇ ಅಂದಾಜು ಮಾಡಿ ಕೇಳಬೇಕು. ಎದುರಾಳಿ ಒಪ್ಪಿದರೆ ಸರಿ. ಒಪ್ಪದಿದ್ದರೆ ಅದೇ ದಾಂಡಿನಿಂದ ಅವನು ಅಳೆಯಬೇಕು. ಕೇಳಿದ್ದಕ್ಕಿಂತ ಕಡಿಮೆ ಬಂದರೆ ಹೊಡೆದವನು ಔಟ್. ಅಷ್ಟು ಬಂದರೆ ಅವನ ಆಟ ಮುಂದುವರಿಯುತ್ತದೆ.

ಹೃಷಿ ನೂರಾ ಒಂದು ಕೇಳಿದ. ಎದುರಾಳಿ ಬಿಟ್ಟೂ ಅನ್ನುವ ಹುಡುಗ 'ತೊಂಬತ್ತೂ ಇಲ್ಲ' ಅಂದು ಅಳೆಯುವುದಕ್ಕೆ ಬಗ್ಗಿದ. ಹದಿನಾಲ್ಕು ದಾಂಡು ಅಳೆಯುವಷ್ಟರಲ್ಲಿ ಮಾವನವರು ಬಂದು ಹೃಷಿಯ ಕಿವಿ ಹಿಡಿದರು. ನಾಗಪುರಕ್ಕೆ ವರ್ಗವಾಗಿತ್ತು, ಸಾಮಾನಿನ ಲಾರಿ ಹೊರಟು ನಿಂತಿತ್ತು. ಹೃಷಿ ಬಿಟ್ಟೂ ಕೈಯಿಂದ ದಾಂಡು ಕಿತ್ತುಕೊಂಡು ಲಾರಿ ಹತ್ತಿದ. ಅಳತೆ ಅಲ್ಲಿಗೇ ನಿಂತಿತು.

ನಾನೂ ದಾವಣಗೆರೆಯ ಓಣಿಯಲ್ಲಿ ಗಂಡುಹುಡುಗರ ಜೊತೆ ಚಿನ್ನಿದಾಂಡು ಆಡಿದವಳೇ. ನೂರಾ ಒಂದು ಅನ್ನುವುದು ಮದುವೆ ಮನೆಯಲ್ಲಿ ಮುಯ್ಯಿ ಓದಿಸುವ ಲೆಕ್ಕ, ಚಿನ್ನಿಯ ಲೆಕ್ಕವಲ್ಲ ಅಂತ ಹದಿನಾಲ್ಕು ವರ್ಷದಿಂದ ಇವರಿಗೆ ಹೇಳುತ್ತಲೇ ಬಂದಿದ್ದೆ. ಇವರು ನಕ್ಕು ಸುಮ್ಮನಾಗುತ್ತಿದ್ದರು, ಮುಂದಿನ ವಾರ ಮತ್ತೆ ಯಾರಿಗೋ ಹೇಳುತ್ತಿದ್ದರು.

ಎರಡು ಸಾವಿರದ ಆರನೇ ಇಸವಿಯ ನವೆಂಬರಿನ ಒಂದು ಭಾನುವಾರ ನಮ್ಮ ಮಗ ಚಂದನ್ ಕಂಪ್ಯೂಟರಿನಲ್ಲಿ ಕ್ರಿಕೆಟ್ ಆಡುತ್ತ, ಇನ್ನೂರು ರನ್ ಹೊಡೆದೆ ಅಂತ ಕೂಗಿದ. ಅವನಿಗೆ ಆಗ ಹನ್ನೆರಡು.

"ಕೂತು ಹೊಡೆಯೋದು ಒಂದು ಹೊಡೆತವೇನೋ?" ಅಂದರು ಇವರು. "ನಾನು ನಿನ್ನ ವಯಸ್ಸಿನಲ್ಲಿ ಬಿಸಿಲಲ್ಲಿ ನಿಂತು ನೂರಾ ಒಂದು..."

"ಅಮ್ಮಾ, ಅಪ್ಪಾ ಫಿರ್ ಸೇ ಫೇಂಕ್ ರಹೇ ಹೈಂ," ಅಂದ ಚಂದನ್. ಬುರುಡೆ ಬಿಡುವುದಕ್ಕೆ ಇಲ್ಲಿಯ ಮಕ್ಕಳು ಹೇಳುವ ಮಾತು ಇದು.

ಇದಕ್ಕೂ ಇವರು ಬೇಜಾರು ಮಾಡಿಕೊಳ್ಳುತ್ತಿರಲಿಲ್ಲ. ಆದರೆ ಎಂಟು ವರ್ಷದ ಧಾರಿಣಿ ಪೆನ್ಸಿಲ್ ಕಚ್ಚಿಕೊಂಡು ಹತ್ತಿರ ಬಂದು, "ಅಪ್ಪಾ, ಅದು ಸಚ್ಚೀನಾ, ಇಲ್ಲಾ ಬರೀ ಸ್ಟೋರಿನಾ?" ಅಂತ ಮೆಲ್ಲಗೆ ಕೇಳಿದಳು. ಅವಳು ಗೇಲಿ ಮಾಡಲಿಲ್ಲ. ನಿಜವಾಗಿಯೂ ತಿಳಿದುಕೊಳ್ಳಬೇಕಿತ್ತು ಅವಳಿಗೆ.

ಇವರ ಮುಖ ಸಣ್ಣದಾಯಿತು. ಎದ್ದು ಹೋಗಿ ಬಾಲ್ಕನಿ ಬಾಗಿಲಿಂದ ದಾಂಡು ಕಿತ್ತುಕೊಂಡು ಬಂದರು. "ನಡೀರಿ ಎಲ್ಲರೂ. ಎರಡು ಮರಾನೂ ಅಲ್ಲೇ ಇರ್ತವೆ. ಅಳೆದೇಬಿಡೋಣ. ನೂರಾ ಒಂದು ಬರಲಿಲ್ಲ ಅಂದ್ರೆ ನಾನು ಸಾಯೋವರೆಗೂ ಈ ಕಥೆ ಹೇಳೋದಿಲ್ಲ."

ಮಕ್ಕಳಿಗಿಂತ ಮೊದಲು ನಾನು ಚಪ್ಪಲಿ ಹಾಕಿಕೊಂಡೆ. ಗುರುತು ಹಾಕುವುದಕ್ಕೆ ಅಂತ ಇವರು ನನ್ನ ರಂಗೋಲಿ ಹುಡಿಯ ಡಬ್ಬಿಯನ್ನೂ ಎತ್ತಿಕೊಂಡರು. ಧಾರಿಣಿ ಗಣಿತದ ನೋಟ್‌ಬುಕ್ ಹಿಡಿದಳು.

ಯಮುನೆ ದಾಟಿ, ದಾರಿ ತಪ್ಪಿ, ಮೂರು ಜನ ಆಟೋ ಭಯ್ಯಾಗಳನ್ನು ಕೇಳಿ ಕಾಲೋನಿ ತಲುಪಿದೆವು. ಗೇಟಿನ ಪಕ್ಕದಲ್ಲೇ ಹಿಂದಿಯಲ್ಲಿ ದೊಡ್ಡ ಬೋರ್ಡು: 'ಈ ಪಾರ್ಕಿನಲ್ಲಿ ಆಡುವುದು, ಓಡುವುದು, ಕೂಗುವುದು, ಹುಲ್ಲು ತುಳಿಯುವುದು ನಿಷಿದ್ಧ. ಅಪ್ಪಣೆ ಮೇರೆಗೆ, ಅಧ್ಯಕ್ಷರು.' ಹಾಗಾದರೆ ಪಾರ್ಕು ಯಾಕಿದೆ ಅಂತ ಧಾರಿಣಿ ಕೇಳಿದಳು. ಅದಕ್ಕೆ ಉತ್ತರ ಬೋರ್ಡಿನಲ್ಲಿ ಇರಲಿಲ್ಲ.

ಬೇವಿನ ಮರ ಅಲ್ಲೇ ಇತ್ತು. ಇವರು ಅದರ ಬುಡ ಮುಟ್ಟಿ ನೋಡಿ, ತಿರುಗಿ ಆ ತುದಿಗೆ ಕೈ ತೋರಿಸಲು ಹೋದವರು ಹಾಗೇ ನಿಂತರು. ಆ ತುದಿಯೇ ಇರಲಿಲ್ಲ. ಅರ್ಧ ಬಯಲಿಗೆ ಸರಿಯಾಗಿ ಒಂದು ತಗಡಿನ ಕಾರ್ ಶೆಡ್ಡು ಎದ್ದಿತ್ತು. ಅದರಾಚೆ ತಂತಿ ಬೇಲಿ ಹಾಕಿದ ತರಕಾರಿ ತೋಟ. ತೋಟದಾಚೆ ಯಾರದೋ ಮನೆಯಿಂದ ಮುಂದಕ್ಕೆ ಚಾಚಿಕೊಂಡ ಒಂದು ಕೋಣೆ.

"ನೇರಳೆ ಮರ ಎಲ್ಲಿ?" ಅಂದೆ.

ಧಾರಿಣಿ ಬೆರಳು ಮಾಡಿದಳು. ಕೋಣೆಯ ತಾರಸಿಯನ್ನು ತೂರಿಕೊಂಡು ಮರದ ತಲೆ ಹೊರಗೆ ಬಂದಿತ್ತು. ದಿಲ್ಲಿಯಲ್ಲಿ ಮರ ಕಡಿಯುವುದಕ್ಕೆ ನೂರೆಂಟು ಕಡೆ ಅಪ್ಪಣೆ ಬೇಕು. ಮರದ ಸುತ್ತ ಕೋಣೆ ಕಟ್ಟುವುದಕ್ಕೆ ಎದೆಗಾರಿಕೆ ಒಂದಿದ್ದರೆ ಸಾಕು.

"ಗೇಮ್ ಓವರ್, ಅಪ್ಪಾ. ಚಲೋ, ಮನೆಗೆ ಹೋಗೋಣ," ಅಂದ ಚಂದನ್.

"ಮರ ಇದೆ ತಾನೇ? ಹಾಗಾದ್ರೆ ಅಳತೆ ನಿಲ್ಲೋದಿಲ್ಲ," ಅಂದು ಇವರು ಬೇವಿನ ಬುಡದಲ್ಲಿ ರಂಗೋಲಿ ಹುಡಿಯಿಂದ ಒಂದು ಸುತ್ತು ಹಾಕಿದರು. ಆಮೇಲೆ ಬಗ್ಗಿ ದಾಂಡನ್ನು ನೆಲಕ್ಕೆ ಮಲಗಿಸಿ, ಎತ್ತಿ, ಮತ್ತೆ ಮಲಗಿಸಿ ಎಣಿಸತೊಡಗಿದರು. ಮೋಸ ಆಗಬಾರದು ಅಂತ ಚಂದನ್ ಪ್ರತಿ ಹತ್ತು ದಾಂಡಿಗೆ ಒಂದು ಬಿಳಿ ಗೆರೆ ಎಳೆದ. ಧಾರಿಣಿ ಬರೆದುಕೊಂಡಳು.

ಆ ವರ್ಷ ದಿಲ್ಲಿಯಲ್ಲಿ ಅಕ್ರಮ ಕಟ್ಟಡ ಒಡೆಯುವ ಕೆಲಸ ಜೋರಾಗಿ ನಡೆದಿತ್ತು. ಇವತ್ತು ಆ ಅಂಗಡಿ ಸಾಲಿಗೆ ಬೀಗ, ನಾಳೆ ಈ ಬೀದಿಗೆ ಬುಲ್ಡೋಜರು. ಅಂಥ ದಿನಗಳಲ್ಲಿ ಕೊರಳಲ್ಲಿ ಗುರುತಿನ ಚೀಟಿ ತೂಗುಹಾಕಿಕೊಂಡ ಒಬ್ಬ ಮನುಷ್ಯ ನೆಲ ಅಳೆಯುತ್ತ, ಬಿಳಿ ಗುರುತು ಹಾಕಿಸುತ್ತ, ಪುಸ್ತಕದಲ್ಲಿ ಬರೆಸುತ್ತ ನೇರ ತಮ್ಮ ಶೆಡ್ಡಿನ ಕಡೆಗೆ ಬರುತ್ತಿದ್ದರೆ ಜನ ಏನಂದುಕೊಳ್ಳಬೇಕು? ಇದು ನನಗೆ ಹೊಳೆದದ್ದು ಎಲ್ಲ ಮುಗಿದ ಮೇಲೆ. ನಮ್ಮವರಿಗೆ ಇನ್ನೂ ಹೊಳೆದಿಲ್ಲ.

ಗೇಟಿನ ಕಾವಲುಗಾರ ಸೀಟಿ ಊದುತ್ತ ಓಡಿ ಬಂದ. ಚೀಟಿ ನೋಡಿದ, ನೋಟ್‌ಬುಕ್ ನೋಡಿದ, ಸೀಟಿ ಬಾಯಲ್ಲೇ ಇರುವಂತೆ ಒಂದು ಸಲಾಮು ಹೊಡೆದು ವಾಪಸ್ ಓಡಿದ. ಎರಡು ನಿಮಿಷದಲ್ಲಿ ಉಣ್ಣೆಯ ಟೋಪಿ ಹಾಕಿಕೊಂಡ ಒಬ್ಬ ಮುದುಕರು ಕೈ ಮುಗಿದುಕೊಂಡು ಬಂದರು. ಮಾಥುರ್ ಅಂತೆ. ತಗಡಿನ ಶೆಡ್ಡು ಅವರದು.

"ಭಾನುವಾರವೂ ಡ್ಯೂಟಿಯಾ ಸಾಬ್?"

"ಭಾನುವಾರವೇ ಆಗಬೇಕು. ಮೂವತ್ತು ವರ್ಷದಿಂದ ಬಾಕಿ ಬಿದ್ದಿರೋ ಕೆಲಸ," ಅಂದರು ಇವರು, ತಲೆ ಎತ್ತದೆ.

ಮಾಥುರ್ ಟೋಪಿ ತೆಗೆದರು. "ಮೂವತ್ತು ವರ್ಷದ್ದಾ?"

"ಎಪ್ಪತ್ತಾರನೇ ಇಸವಿಯದು. ಮಧ್ಯದಲ್ಲಿ ನಿಂತುಹೋಗಿತ್ತು. ಇವತ್ತು ಬಿಡೋದಿಲ್ಲ."

"ಎಲ್ಲಿಯವರೆಗೆ ಅಳೆಯುತ್ತೀರಿ?"

"ಆ ನೇರಳೆ ಮರದವರೆಗೆ. ಮಧ್ಯೆ ಏನೇ ಬರಲಿ."

ಮುದುಕರು ನನ್ನ ಕಡೆ ತಿರುಗಿ, ಮೇಡಂ ಯಾವ ವಿಭಾಗದವರು ಅಂತ ಮೆಲ್ಲಗೆ ಕೇಳಿದರು. ಅವರ ಹಿಂದಿ ನನಗೆ ಪೂರ್ತಿ ತಿಳಿಯಲಿಲ್ಲ. ನಾನು ಯಾಕೆ ಬಂದೆ ಅಂತ ಕೇಳುತ್ತಿದ್ದಾರೆ ಅಂದುಕೊಂಡು, "ಇವರ ಮಾತಿನ ಮೇಲೆ ನನಗೆ ನಂಬಿಕೆ ಇಲ್ಲ. ಕಣ್ಣಾರೆ ನೋಡೋಕೆ ಬಂದಿದ್ದೀನಿ," ಅಂದೆ. ಅಧಿಕಾರಿಯ ಮೇಲೊಬ್ಬ ಅಧಿಕಾರಿಣಿ ಅಂತ ಕಾಲೋನಿಗೆಲ್ಲ ಸುದ್ದಿ ಹೋಯಿತು.

ಮೊದಲು ಕುರ್ಚಿ ಬಂತು. ಆಮೇಲೆ ಚಹಾ ಬಂತು, ಬಿಸಿ ಸಮೋಸ ಬಂತು, ಮಕ್ಕಳಿಗೆ ಬಾದಾಮಿ ಹಾಲು ಬಂತು. "ದಿಲ್ಲಿ ಜನ ಒರಟು ಅಂತ ಯಾರು ಹೇಳಿದ್ದು ಪ್ರಭಾ? ನೋಡು, ಎಂಥ ಜನ," ಅಂದರು ಇವರು, ಕಣ್ಣಲ್ಲಿ ನೀರು ತುಂಬಿಕೊಂಡು. ಮೂರು ಸಮೋಸ ತಿಂದರು.

ಐವತ್ನಾಲ್ಕನೇ ದಾಂಡು ಶೆಡ್ಡಿನ ಕಂಬಕ್ಕೆ ತಾಗಿತು. ಇವರು ಮಾಥುರ್ ಕಡೆ ನೋಡಿ, "ಇದನ್ನ ಸ್ವಲ್ಪ ಸರಿಸಬಹುದಾ?" ಅಂದರು. ಇವರು ಕೇಳಿದ್ದು ಕಾರನ್ನು. ಮಾಥುರ್ ಡ್ರೈವರನ್ನು, ಇಬ್ಬರು ಅಳಿಯಂದಿರನ್ನು, ಒಂದು ಸ್ಪ್ಯಾನರ್ ಪೆಟ್ಟಿಗೆಯನ್ನು ಕರೆಸಿದರು. ಅರ್ಧ ಗಂಟೆಯಲ್ಲಿ ಶೆಡ್ಡು ತಗಡು ತಗಡಾಗಿ ಗೋಡೆಗೆ ಒರಗಿ ನಿಂತಿತ್ತು. "ಬರೆದುಕೊಳ್ಳಮ್ಮ," ಅಂತ ಮಾಥುರ್ ಧಾರಿಣಿಗೆ ಹೇಳಿದರು, "ಇಲ್ಲಿ ಏನೂ ಇಲ್ಲ. ಯಾವತ್ತೂ ಇರಲಿಲ್ಲ." ಅವಳು ಅಂದವಾಗಿ ಬರೆದುಕೊಂಡಳು.

ಇದನ್ನು ನೋಡಿದ್ದೇ ತಡ, ಇಡೀ ಕಾಲೋನಿಯ ಕೈ ಚುರುಕಾಯಿತು. ತರಕಾರಿ ತೋಟದ ತಂತಿ ಬೇಲಿ ಸುರುಳಿ ಸುತ್ತಿಕೊಂಡಿತು. ಒಬ್ಬಾಕೆ ಹೂಕೋಸು ಕಿತ್ತು ಕಿತ್ತು ನನ್ನ ಮಡಿಲಿಗೆ ಹಾಕುತ್ತ, "ತೋಟ ಅಲ್ಲ ಮೇಡಂ, ತಾನಾಗಿ ಬೆಳೆದದ್ದು," ಅಂದಳು. ತಾನಾಗಿ ಬೆಳೆದ ಹೂಕೋಸು ಆರು ಸಾಲಾಗಿ ಬೆಳೆದಿತ್ತು. ನಮ್ಮ ಅಳತೆಯ ದಾರಿಗೆ ಸಂಬಂಧವೇ ಇಲ್ಲದವರು, ಬಯಲಿನ ಆಚೆ ಮಗ್ಗುಲಿನವರು ಸಹ ತಮ್ಮ ತಮ್ಮ ಬೇಲಿ, ಕೊಳಾಯಿ, ನಾಯಿಗೂಡು ಎಲ್ಲ ಒಳಗೆ ಎಳೆದುಕೊಂಡರು. ನಾವು ಎಪ್ಪತ್ತೊಂಬತ್ತನೇ ದಾಂಡಿಗೆ ಮುಟ್ಟುವಷ್ಟರಲ್ಲಿ, ಆ ಒಂದು ಕೋಣೆ ಬಿಟ್ಟರೆ, ಬಯಲು ಎಪ್ಪತ್ತಾರನೇ ಇಸವಿಯಲ್ಲಿ ಇದ್ದ ಹಾಗೇ ಬಿದ್ದಿತ್ತು.

"ನೋಡಿ, ಇಷ್ಟು ದೊಡ್ಡದಿತ್ತು. ಇಷ್ಟು," ಅಂತ ಇವರು ಎರಡೂ ಕೈ ಚಾಚಿ ಮಕ್ಕಳಿಗೆ ತೋರಿಸಿದರು. ಚಂದನ್ ಆ ತುದಿಯಿಂದ ಈ ತುದಿಗೆ ಕಣ್ಣು ಹಾಯಿಸಿದ.

ಆಗ ಕೋಣೆಯ ಬಾಗಿಲು ತೆಗೆದುಕೊಂಡು ಅಧ್ಯಕ್ಷರು ಹೊರಗೆ ಬಂದರು. ಸಚ್‌ದೇವ್ ಸಾಹೇಬರು. ದೊಡ್ಡ ಹೊಟ್ಟೆ, ನೀಲಿ ಟ್ರ್ಯಾಕ್ ಸೂಟು, ಒಂದು ಮಂಡಿಗೆ ಪಟ್ಟಿ. ಬಯಲು ನೋಡಿ ಅವರು ಕೈ ಮುಗಿದರು.

"ಸರ್, ರಿಪೋರ್ಟಿನಲ್ಲಿ ಏನು ಬರೆದಿದ್ದೀರಿ, ಒಂಚೂರು ತಿಳಿಸಬಹುದಾ?" ಅಂದರು.

ಇವರು ಧಾರಿಣಿಗೆ ಸನ್ನೆ ಮಾಡಿದರು. ಅವಳು ನೋಟ್‌ಬುಕ್ ಬಿಡಿಸಿ, ಶಾಲೆಯಲ್ಲಿ ಪಾಠ ಓದುವ ದನಿಯಲ್ಲಿ, ಹಿಂದಿಯಲ್ಲೇ ಓದಿದಳು. "ಬೇವಿನ ಮರದಿಂದ ಇಲ್ಲಿಗೆ ಎಪ್ಪತ್ತೊಂಬತ್ತು. ಅಪ್ಪ ಹೇಳಿದ್ದು ನೂರಾ ಒಂದು. ಇನ್ನೂ ಇಪ್ಪತ್ತೆರಡು ಬೇಕು."

ಸಚ್‌ದೇವ್ ಬೇವಿನ ಮರ ನೋಡಿದರು, ಇವರ ಕೈಯಲ್ಲಿದ್ದ ದಾಂಡು ನೋಡಿದರು. ಆಮೇಲೆ ನಿಧಾನವಾಗಿ, "ತೊಂಬತ್ತೂ ಇಲ್ಲ," ಅಂದರು.

ಇವರು ನೆಟ್ಟಗೆ ಎದ್ದು ನಿಂತರು. "ಬಿಟ್ಟೂ?"

"ಹೃಷಿ. ಕಳ್ಳ ಮದ್ರಾಸಿ, ದಾಂಡು ಕಿತ್ತುಕೊಂಡು ಓಡಿದೆಯಲ್ಲೋ."

ಇಬ್ಬರೂ ಅಪ್ಪಿಕೊಳ್ಳುತ್ತಾರೆ ಅಂತ ನಾನು ಸೆರಗನ್ನು ಕಣ್ಣಿನ ಹತ್ತಿರ ತೆಗೆದುಕೊಂಡು ಹೋಗಿದ್ದೆ. ಅಪ್ಪಿಕೊಳ್ಳಲಿಲ್ಲ. "ಜನ ಕಾರು ನಿಲ್ಲಿಸೋಕೆ ಜಾಗ ಹೊಡೀತಾರೆ," ಅಂದರು ಇವರು. "ನೀನು ಚಿನ್ನಿ ಬಿದ್ದ ಜಾಗದ ಮೇಲೇ ಮನೆ ಕಟ್ಟಿದೀಯ. ಅಳೆಯೋಕೆ ಆಗಬಾರದು ಅಂತ."

"ಇವನು ಯಾವ ಅಧಿಕಾರಿಯೂ ಅಲ್ಲ," ಅಂತ ಬಿಟ್ಟೂ ಸುತ್ತಲಿನವರಿಗೆ ಸಾರಿದರು. "ಇಲ್ಲಿ ಬಾಡಿಗೆಗಿದ್ದ ಗುಮಾಸ್ತನ ಮಗ. ಬೇಲಿ ವಾಪಸ್ ಹಾಕಿ. ಶೆಡ್ಡು ಏರಿಸಿ. ಇವರನ್ನ ಗೇಟಿನಾಚೆ ಕಳಿಸಿ. ಬೋರ್ಡು ಓದೋಕೆ ಬರೋದಿಲ್ವಾ ಇವರಿಗೆ?"

ಗದ್ದಲವೋ ಗದ್ದಲ. ಮಾಥುರ್ ತಮ್ಮ ಸಮೋಸಗಳ ಬಗ್ಗೆ ಏನೋ ಅಂದರು. ಹೂಕೋಸಿನಾಕೆ ನನ್ನ ಮಡಿಲಿಂದ ಹೂಕೋಸು ವಾಪಸ್ ತೆಗೆದುಕೊಂಡಳು. ಇವರು ದಾಂಡು ಎದೆಗೆ ಒತ್ತಿಕೊಂಡು ನಿಂತಿದ್ದರು. ಮೂವತ್ತು ವರ್ಷದ ಹಿಂದೆ ಅವರಪ್ಪ ಎಳೆದುಕೊಂಡು ಹೋದಾಗಲೂ ಹೀಗೇ ನಿಂತಿದ್ದಿರಬೇಕು. "ಛೋಡೋ ಅಪ್ಪಾ, ಹೋಗೋಣ," ಅಂತ ಚಂದನ್ ಅವರ ಅಂಗಿ ಎಳೆದ. ಧಾರಿಣಿ ನೋಟ್‌ಬುಕ್ ಮುಚ್ಚಿದಳು.

ಅದನ್ನು ಮುಚ್ಚಿದ್ದು ನೋಡಿ ನನಗೆ ಸಿಟ್ಟು ನೆತ್ತಿಗೇರಿತು. ನನ್ನ ಗಂಡನನ್ನು ಸುಳ್ಳುಗಾರ ಅನ್ನುವುದು ನನ್ನ ಹಕ್ಕು. ಊರವರಿಗೆ ಆ ಹಕ್ಕನ್ನು ಯಾರು ಕೊಟ್ಟರು?

ಶೆಡ್ಡು ಇದ್ದ ಜಾಗದ ನಟ್ಟನಡುವೆ ಹೋಗಿ ನಿಂತೆ. "ಅಧ್ಯಕ್ಷರೇ, ಚಿನ್ನಿದಾಂಡಿನಲ್ಲಿ ಕೇಳಿದ ಲೆಕ್ಕ ಒಪ್ಪದವನು ಏನು ಮಾಡಬೇಕು?"

ಅವರು ದಾಂಡಿನ ಕಡೆ ನೋಡಿದರು. ನಾನೇ ಹೇಳಿದೆ:

"ಅಳೆಯಬೇಕು. ನೀವು ಹದಿನಾಲ್ಕಕ್ಕೆ ನಿಲ್ಲಿಸಿದ್ದೀರಿ. ಅಳೆದು ಮುಗಿಸಿ, ಆಮೇಲೆ ನಮ್ಮನ್ನ ಆಚೆ ಕಳಿಸಿ. ಇನ್ನು ಈ ಬೇಲಿ. ಇದನ್ನ ನಾವು ಕಿತ್ತಿಲ್ಲ, ನೀವು ನೀವೇ ಕಿತ್ತಿದ್ದೀರಿ. ನಿಮ್ಮದೇ ಜಾಗ ಆಗಿದ್ರೆ ಯಾಕೆ ಕೀಳ್ತಿದ್ರಿ? ವಾಪಸ್ ಹಾಕೋದಿದ್ರೆ ಧಾರಾಳವಾಗಿ ಹಾಕಿ. ನಿಜವಾದ ಅಳತೆಯವರನ್ನ ಕಳಿಸಿ ಅಂತ ನಾನೇ ಅರ್ಜಿ ಬರೀತೀನಿ. ನನ್ನ ಹಿಂದಿ ಚೆನ್ನಾಗಿಲ್ಲ, ಹಾಗಾಗಿ ಇಂಗ್ಲಿಷಿನಲ್ಲೇ ಬರೀತೀನಿ."

ಮಾಥುರ್ ಕೈಯಲ್ಲಿದ್ದ ತಗಡನ್ನು ಮೆಲ್ಲಗೆ ಕೆಳಗಿಟ್ಟರು.

ಬಿಟ್ಟೂ ಇವರ ಮುಂದೆ ಕೈ ಚಾಚಿದರು. "ಕೊಡು ಇಲ್ಲಿ." ದಾಂಡು ತೆಗೆದುಕೊಂಡು, ಕುಂಟುತ್ತ ಬಯಲು ದಾಟಿ, ಮೊದಲ ಬಿಳಿ ಗೆರೆಯಿಂದ ನಾಲ್ಕು ಅಳೆದು, "ಪಂದ್ರಾ" ಅಂತ ಹದಿನೈದರಿಂದ ಶುರು ಮಾಡಿದರು. ಆ ಹೊಟ್ಟೆ, ಆ ಮಂಡಿ ಇಟ್ಟುಕೊಂಡು ಒಂದೊಂದು ದಾಂಡಿಗೂ ಬಗ್ಗಿದರು. ಮನೆಗಳಿಂದ ಮಕ್ಕಳು ಹೊರಗೆ ಬಂದವು. ಹುಲ್ಲು ತುಳಿಯಬಾರದು ಅಂತ ಕೇಳಿಕೊಂಡೇ ಬೆಳೆದ ಮಕ್ಕಳು ಒಂದೊಂದಾಗಿ ಹುಲ್ಲಿಗೆ ಇಳಿದು, ಅಧ್ಯಕ್ಷರ ಹಿಂದೆ ಗುಂಪಾಗಿ ಎಣಿಸುತ್ತ ನಡೆದವು. ಅರವತ್ತು ದಾಟುವಷ್ಟರಲ್ಲಿ ಕಾಲೋನಿ ಎರಡು ಪಕ್ಷವಾಗಿತ್ತು. ಮಾಥುರ್ ನಮ್ಮ ಪಕ್ಷ.

ಎಪ್ಪತ್ತೊಂಬತ್ತಕ್ಕೆ ಕೋಣೆಯ ಬಾಗಿಲು. ಒಳಗೆ ಬಿಟ್ಟೂ ಹೆಂಡತಿ ಟೀವಿ ನೋಡುತ್ತಿದ್ದರು. ಸೋಫಾ ಸರಿಸಿದರು, ಜಮಖಾನೆ ಸುತ್ತಿದರು. ಉದ್ದನೆಯ ಕೋಣೆಯ ಆ ಕೊನೆಗೆ ನೇರಳೆ ಮರದ ಕಾಂಡ, ಅದಕ್ಕೆ ಮೊಳೆ ಹೊಡೆದು ಒಂದು ಗಡಿಯಾರ. ಅಷ್ಟೂ ಜನ ಕಿಟಕಿಗೆ ಮುಖ ಒತ್ತಿದರು. ತೊಂಬತ್ತು ಆಯಿತು. ತೊಂಬತ್ತೆಂಟು ಆಯಿತು. ನೂರು ಅಂದರು. ನೂರಾ ಒಂದು ಅಂದು ದಾಂಡು ಮಲಗಿಸಿದ ಬಿಟ್ಟೂ, ಬಗ್ಗಿದವರು ಏಳಲಿಲ್ಲ. ಮರ ಇನ್ನೂ ಮುಂದಿತ್ತು.

"ನಿಲ್ಲಿಸಬೇಡ. ಪೂರ್ತಿ ಅಳೆ," ಅಂದರು ನಮ್ಮವರು.

ನೂರಾ ನಾಲ್ಕಕ್ಕೆ ದಾಂಡಿನ ತುದಿ ಬುಡ ಮುಟ್ಟಿತು.

"ಅಪ್ಪಾ," ಅಂದ ಚಂದನ್, "ನೀವು ಮೂರು ಕಮ್ಮಿ ಹೇಳಿದ್ರಿ."

"ಅನುಮಾನ ಇದ್ರೆ ಕಡಿಮೆ ಕೇಳಬೇಕು ಕಣೋ. ಜಾಸ್ತಿ ಕೇಳಿದ್ರೆ ಔಟ್ ಆಗ್ತೀವಿ."

ಧಾರಿಣಿ ನೋಟ್‌ಬುಕ್ ಬಿಡಿಸಿ 104 ಅಂತ ಬರೆದು, ಕೆಳಗೆ ಎರಡು ಗೆರೆ ಎಳೆದಳು. ನನಗೆ ನಾಚಿಕೆಯಾಯಿತು. ಹದಿನಾಲ್ಕು ವರ್ಷ ಗಂಡನ ಮಾತನ್ನು ಬುರುಡೆ ಅಂದೆ. ಈ ಮನುಷ್ಯ ಹೇಳಿದ್ದರಲ್ಲಿ ಉತ್ಪ್ರೇಕ್ಷೆ ಇರಲಿಲ್ಲ, ಸಂಕೋಚ ಇತ್ತು.

ಬಿಟ್ಟೂ ಸೋಫಾದ ತೋಳಿನ ಮೇಲೆ ಕೂತು ಮಂಡಿ ನೀವಿಕೊಂಡರು. ಜಾಗದ ವಿಷಯದಲ್ಲಿ ಆತ ಎಂಥವರೇ ಆಗಿರಲಿ, ಚಿನ್ನಿಯ ವಿಷಯದಲ್ಲಿ ಮೋಸ ಮಾಡುವವರಲ್ಲ. ದಾಂಡನ್ನು ಇವರ ಕಡೆ ಚಾಚಿ, "ನೀನು ಔಟಾಗಿಲ್ಲ. ಇನ್ನೂ ನಿನ್ನದೇ ಆಟ," ಅಂದರು.

ಆಟ ನಡೆಯುತ್ತಿರುವಾಗ ಬಯಲಿಗೆ ಬೇಲಿ ಹಾಕುವ ಪದ್ಧತಿ ಎಲ್ಲೂ ಇಲ್ಲ. ಹಾಗಾಗಿ ಕಾಲೋನಿಯಲ್ಲಿ ಒಂದು ತೀರ್ಮಾನವಾಯಿತು: ಹೃಷಿಕೇಶ್ ಔಟಾಗುವವರೆಗೆ ಶೆಡ್ಡಿಲ್ಲ, ತೋಟವಿಲ್ಲ. ಅವತ್ತಿನಿಂದ ಪ್ರತಿ ಭಾನುವಾರ ನೋಯ್ಡಾದಿಂದ ಹೋಗುತ್ತೇವೆ. ಬಿಟ್ಟೂ ಮಂಡಿಗೆ ಪಟ್ಟಿ ಕಟ್ಟಿಕೊಂಡು ಚಿನ್ನಿ ಹಿಡಿಯಲು ನಿಲ್ಲುತ್ತಾರೆ, ಅವರದೇ ಬೋರ್ಡಿನ ಕೆಳಗೆ. ಅವರ ಹಿಂದೆ ಕಾಲೋನಿಯ ಇಪ್ಪತ್ತು ಮಕ್ಕಳು, ನಮ್ಮ ಚಂದನ್ ಸಹಿತ. ನಮ್ಮವರು ಸೊಂಟ ಹಿಡಿದುಕೊಂಡು, ಸಣ್ಣ ಸಣ್ಣ ಹೊಡೆತ ಹೊಡೆದು, ಹದಿನೈದು ಕಂಡಲ್ಲಿ ಹತ್ತು ಕೇಳಿ ಹೇಗೋ ಉಳಿದುಕೊಂಡಿದ್ದಾರೆ. ನಾಲ್ಕು ತಿಂಗಳಾಯಿತು. ಗುರುತಿನ ಚೀಟಿ ಈಗಲೂ ಕೊರಳಲ್ಲೇ ಇದೆ.

ಹೋದ ವಾರ ಚಿನ್ನಿ ಬಿಟ್ಟೂ ಬೆರಳಿಗೆ ತಾಗಿ ಜಾರಿತು. ಇವರು ಬದುಕಿಕೊಂಡರು. ಮಾಥುರ್ ನನ್ನ ಪಕ್ಕ ಬಂದು ಕೂತು, ಬಹಳ ಮರ್ಯಾದೆಯಿಂದ ಕೇಳಿದರು: "ಸಾಬ್‌ಗೆ ವಯಸ್ಸಾಗ್ತಾ ಬಂತು ಮೇಡಂ. ಇವತ್ತಲ್ಲ ನಾಳೆ ಔಟಾಗ್ತಾರೆ. ಆಗಲಾದರೂ ಶೆಡ್ಡು ಹಾಕಿಕೊಳ್ಳಬಹುದು ತಾನೇ?"

ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡೆ.

"ಅವರು ಔಟಾದ್ರೆ ಮುಂದಿನ ದಾಂಡು ನನ್ನದು ಮಾಥುರ್ ಸಾಹೇಬ್ರೇ. ನಾನು ದಾವಣಗೆರೆಯವಳು. ನನ್ನ ನಂತರ ಧಾರಿಣಿ ಇದ್ದಾಳೆ, ಅವಳಿಗೆ ಇನ್ನೂ ಎಂಟು ವರ್ಷ."